ಅಪ್ಪನ ಹೆಸರಿನ ಕರಿಯಕ್ಷರ

ಮೀನಿನ ಸಾರಿನ ಪಾತ್ರೆಯನ್ನು ಬದಿಗೆ ಸರಿಸಿ, ಎಣ್ಣೆ ತಾಗದ ಜಾಗ ನೋಡಿ, ಕಲ್ಯಾಣಪುರದ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾನು ಹಾಳೆಗಳನ್ನು ಹರಡಿದೆ. ಎಲ್ಲದರಲ್ಲೂ ಇದ್ದದ್ದು ಒಂದೇ ಪದ: ಇಮ್ಯಾನುವೆಲ್. ಕಳೆದ ಮಳೆಗಾಲದಲ್ಲಿ ತೀರಿಕೊಂಡ ನನ್ನ ಅಪ್ಪನ ಹೆಸರು. ಸಮಾಧಿಯ ಕಲ್ಲಿನ ಮೇಲೆ ಅದು ಯಾವ ಅಕ್ಷರದಲ್ಲಿ ಇರಬೇಕೆಂದು ಅಮ್ಮನೇ ಆರಿಸಲಿ ಎಂಬುದು ನನ್ನ ಆಸೆ. ಮಣಿಪಾಲದ ಮುದ್ರಣಾಲಯವೊಂದರಲ್ಲಿ ಪುಟ ವಿನ್ಯಾಸ ಮಾಡುವ ನನಗೆ, ಮಗಳಾಗಿ ಅಪ್ಪನಿಗೆ ಸಲ್ಲಿಸಬಹುದಾದ ಕೊನೆಯ ಸೇವೆಯೂ ಅಕ್ಷರದ್ದೇ ಆಯಿತಲ್ಲ ಎಂದು ದುಃಖದ ನಡುವೆಯೂ ಒಂದು ಸಣ್ಣ ಸಮಾಧಾನವಿತ್ತು.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ದುಂಡನೆಯ ಕನ್ನಡದ ಹಾಳೆಯನ್ನು ನೋಡಿದಳು, ತಿಳಿಯಾದ ಇಂಗ್ಲಿಷಿನದನ್ನೂ ನೋಡಿದಳು. ಕೊನೆಗೆ, ಇರಲಿ ಎಂದು ಸುಮ್ಮನೆ ಸೇರಿಸಿದ್ದ ಹಾಳೆಯ ಮೇಲೆ ಬೆರಳಿಟ್ಟು, "ಇದು" ಎಂದಳು.

ಅದು ಬ್ಲ್ಯಾಕ್‌ಲೆಟರ್. ನಾನದನ್ನು ಕರಿಯಕ್ಷರ ಎನ್ನುತ್ತೇನೆ. ಹೆಸರು ಗೊತ್ತಿರದಿದ್ದರೂ ನೀವದನ್ನು ಕಂಡೇ ಇರುತ್ತೀರಿ: ಹಳೆಯ ಇಂಗ್ಲಿಷ್ ಪತ್ರಿಕೆಗಳ ನೆತ್ತಿಯಲ್ಲಿ, ಪದವಿ ಪ್ರಮಾಣಪತ್ರಗಳಲ್ಲಿ, ಕ್ರಿಸ್ತುವರ ಮದುವೆಯ ಕಾಗದಗಳಲ್ಲಿ, ಬಿಯರ್ ಬಾಟಲಿಯ ಚೀಟಿಯಲ್ಲಿ, ಈಚೀಚೆಗೆ ಹುಡುಗರ ಮುಂಗೈಯ ಹಚ್ಚೆಯಲ್ಲಿ. ಅಗಲ ಮೂತಿಯ ಲೇಖನಿ ಹಿಡಿದು ಯುರೋಪಿನ ಮಠಗಳ ಸನ್ಯಾಸಿಗಳು ಚರ್ಮದ ಹಾಳೆಯ ಮೇಲೆ ಒತ್ತೊತ್ತಾಗಿ ಬರೆದ ಬರವಣಿಗೆಯಿಂದ ಹುಟ್ಟಿದ ಈ ಅಕ್ಷರಕ್ಕೆ ಬಳುಕುವುದೇ ಗೊತ್ತಿಲ್ಲ. ದಪ್ಪ ಕಂಬಗಳು, ಕೂದಲೆಳೆಯ ಕೊಂಡಿಗಳು, ತಿರುವು ಬಂದಲ್ಲೆಲ್ಲ ಮುರಿದು ಮುಂದೆ ಸಾಗುವ ಗೆರೆಗಳು. ನಮ್ಮ ಕನ್ನಡದ ಅಕ್ಷರ ಶಂಕರಪುರದ ಮಲ್ಲಿಗೆಯ ಮೊಗ್ಗಿನಂತೆ ದುಂಡಗೆ ಕೂತರೆ, ಇದು ಕಾವಲಿಗೆ ನಿಂತಂತೆ ಸೆಟೆದು ನಿಲ್ಲುತ್ತದೆ. ಒಂದು ಶೀರ್ಷಿಕೆಗೆ, ಒಂದು ಹೆಸರಿಗೆ ಗಾಂಭೀರ್ಯ ತಂದೀತು. ಪುಟ ತುಂಬ ಹಾಕಿದರೆ ಕಣ್ಣು ಸೋಲುತ್ತದೆ. ಅದರಲ್ಲೂ ಇಂಗ್ಲಿಷಿನ ಎಮ್, ಎನ್, ಯು ಒಟ್ಟಿಗೆ ಬಂದರೆ ಬೇಲಿಯ ಗೂಟಗಳ ಸಾಲೇ ಸರಿ. ಅಪ್ಪನ ಹೆಸರಿನಲ್ಲಿ ಇರುವುದು ಹೆಚ್ಚಾಗಿ ಅವೇ.

"ಅಮ್ಮಾ, ಇದನ್ನು ಓದಲಿಕ್ಕೇ ಆಗುವುದಿಲ್ಲ. ನಿನಗಂತೂ ಆಗುವುದೇ ಇಲ್ಲ," ಎಂದೆ. ಮನೆಯಲ್ಲಿ ನಾವಾಡುವುದು ಕೊಂಕಣಿ. ಅಮ್ಮ ಆ ಕೊಂಕಣಿಯನ್ನು ಓದುವುದೂ ಕನ್ನಡ ಲಿಪಿಯಲ್ಲೇ.

"ನಾನು ಎಂತಕ್ಕೆ ಓದುವುದು? ಒಳಗೆ ಯಾರಿದ್ದಾರೆ ಅಂತ ನನಗೆ ಗೊತ್ತುಂಟಲ್ಲ."

ನನಗೆ ಸಿಟ್ಟು ಬಂತು. ಓದಲಿಕ್ಕಾಗದ ಅಕ್ಷರದಿಂದ ಏನು ಪ್ರಯೋಜನ ಎಂಬುದು ನಾನು ದಿನವೂ ಗಿರಾಕಿಗಳೊಂದಿಗೆ ಆಡುವ ಜಗಳ. ಅದನ್ನೇ ಮನೆಯಲ್ಲೂ ಆಡಿದೆ. ಅಮ್ಮ ಹಾಳೆಗಳನ್ನು ಜೋಡಿಸಿ ನನ್ನ ಕೈಗಿಟ್ಟು ಒಳಗೆ ಹೋದಳು. ಅಪ್ಪ ಹೋದಂದಿನಿಂದ ಅವಳ ಮಾತು ಹಾಗೆಯೇ, ಅರ್ಧಕ್ಕೆ ನಿಲ್ಲುತ್ತಿತ್ತು. ನೆಂಟರು ಬಂದು ಅಪ್ಪನ ಸುದ್ದಿ ಎತ್ತಿದರೆ ಚಾ ಮಾಡುವ ನೆಪದಲ್ಲಿ ಎದ್ದುಬಿಡುತ್ತಿದ್ದಳು.

ಕೆಲವು ದಿನ ಕಳೆದವು. ಒಂದು ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ನಡೆದು ಬರುವಾಗ ಅಮ್ಮ ತಾನಾಗಿಯೇ ಹೇಳಿದಳು: "ಈ ದಾರಿಯಲ್ಲಿ ಅವರು ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಿದ್ದರು. ಗುರ್ತ ಇಲ್ಲದವರನ್ನೂ. ನಾನು ಬಿಸಿಲಲ್ಲಿ ನಿಂತು ಬೈಯುತ್ತಿದ್ದೆ. ಈಗ ಅವರಿಗೆ ಯಾರನ್ನೂ ಕರೆದು ನಿಲ್ಲಿಸಲಿಕ್ಕೆ ಆಗುವುದಿಲ್ಲ ಅಲ್ವಾ? ನಿನ್ನ ಆ ಚಂದದ ಅಕ್ಷರವನ್ನು ಜನ ನಡೆಯುತ್ತಲೇ ಓದಿ ಮುಗಿಸುತ್ತಾರೆ. ನಾನು ಆರಿಸಿದ್ದಾದರೆ ಒಂದು ಗಳಿಗೆ ನಿಲ್ಲಬೇಕು."

ಓದುಗನ ದಾರಿಯಲ್ಲಿ ಅಕ್ಷರ ಅಡ್ಡ ನಿಲ್ಲಬಾರದು ಎಂದೇ ಕಲಿತವಳು ನಾನು. ಅಡ್ಡ ನಿಲ್ಲುವುದೂ ಒಂದು ಬಗೆಯ ಆದರವಾಗಬಹುದೆಂದು ನನಗೆ ಹೊಳೆದಿರಲಿಲ್ಲ. ಮರುದಿನವೇ ಹೆಸರನ್ನು ಹೊಸದಾಗಿ ಬರೆದೆ. ಮೊದಲಿನದೊಂದೇ ದೊಡ್ಡಕ್ಷರ, ಉಳಿದವೆಲ್ಲ ಸಣ್ಣವು, ಏಕೆಂದರೆ ಕರಿಯಕ್ಷರದಲ್ಲಿ ದೊಡ್ಡಕ್ಷರಗಳನ್ನೇ ಸಾಲಾಗಿ ಇಟ್ಟರೆ ಬರೀ ಬಳ್ಳಿಚಿತ್ತಾರವಾಗಿಬಿಡುತ್ತದೆ. ಕಾರ್ಕಳದ ಕಲ್ಲು ಕೆತ್ತುವವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಯಾವ ಭಾಷೆ ಮಾರಾಯ್ರೆ?" ಎಂದು ನಕ್ಕರು. ಕೂದಲೆಳೆಯ ಗೆರೆಗಳು ಕಲ್ಲಿನಲ್ಲಿ ನಿಲ್ಲಲಾರವೆಂದು ಅವರು ಹೇಳಿದ ಮೇಲೆ ಅವನ್ನು ತುಸು ದಪ್ಪ ಮಾಡಿಕೊಟ್ಟೆ.

ನವೆಂಬರಿನಲ್ಲಿ, ಮೃತರ ಸ್ಮರಣೆಯ ದಿನ, ಮೋಂಬತ್ತಿ, ಹೂವು ಹಿಡಿದು, ಹೊಸ ಕಲ್ಲು ನಿಲ್ಲಿಸಿದ್ದ ಅಪ್ಪನ ಸಮಾಧಿಗೆ ಹೋದೆವು; ಅಮ್ಮ ಅದರ ಕಟ್ಟೆಯ ಮೇಲೆ ಕೂತಳು. ಅಕ್ಕಪಕ್ಕದ ಸಮಾಧಿಗಳಲ್ಲೆಲ್ಲ ಜನ. ಕಾಪುವಿನಿಂದ ತಂಗಿಯ ಸಮಾಧಿಗೆಂದು ಬಂದಿದ್ದ ವಯಸ್ಸಾದ ಹೆಂಗಸೊಬ್ಬರು ನಮ್ಮನ್ನು ದಾಟಿ ಎರಡು ಹೆಜ್ಜೆ ಹೋದವರು ಹಿಂದಕ್ಕೆ ಬಂದು, ಕಲ್ಲಿನತ್ತ ಬಗ್ಗಿ, ಗಾಳಿಯಲ್ಲಿ ಬೆರಳಾಡಿಸುತ್ತ ಒಂದೊಂದೇ ಅಕ್ಷರ ಕೂಡಿಸತೊಡಗಿದರು.

"ಇದು ಎಮ್ಮಾ, ಎನ್ನಾ? ಎಂತ ಹೆಸರು ಇದು?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಇಮ್ಯಾನುವೆಲ್. ನನ್ನ ಗಂಡ," ಎಂದಳು.

"ಹೌದಾ? ಪಾಪ. ಎಂತ ಆಗಿತ್ತು ಅವರಿಗೆ?"

ಅಮ್ಮ ಏಳಲಿಲ್ಲ. ಕಟ್ಟೆಯ ಮೇಲೆ ಇನ್ನೊಬ್ಬರಿಗೆ ಜಾಗವಾಗುವಷ್ಟು ಸರಿದು ಕೂತಳು.

"ಎಂತ ಆಗಿತ್ತು ಅಂತ ಮತ್ತೆ ಹೇಳುತ್ತೇನೆ. ಅವರು ಎಂಥ ಜನ ಅಂತ ಮೊದಲು ಕೇಳಿ."

ಆ ಹೆಂಗಸು ಕೊಡೆ ಮಡಚಿ, ಅಮ್ಮನ ಪಕ್ಕದಲ್ಲಿ ಕುಳಿತರು.