ಕಪ್ಪು ಕವರಿನ ಮೊಟ್ಟೆ

ನೀವು ಗಮನಿಸಿದ್ದೀರೋ ಇಲ್ಲವೋ, ನಮ್ಮ ತುಮಕೂರಿನ ಬಡಾವಣೆಗಳಲ್ಲಿ ಅಂಗಡಿಯವನು ಮೊಟ್ಟೆಯೊಂದನ್ನು ಮಾತ್ರ ಕಪ್ಪು ಕವರಿನಲ್ಲಿ ಹಾಕಿಕೊಡುತ್ತಾನೆ. ಬದನೆಕಾಯಿಗೆ ಕವರೇ ಇಲ್ಲ, ಬೀಡಿ ಕಟ್ಟು ಬರಿಗೈಯಲ್ಲೇ ದಾಟುತ್ತದೆ, ಇಲಿಪಾಷಾಣವನ್ನೂ ಗಲ್ಲಾದ ಮೇಲೆ ರಾಜಾರೋಷವಾಗಿ ಇಡುತ್ತಾನೆ. ಮೊಟ್ಟೆ ಎಂದೊಡನೆ ಮಾತ್ರ ಅವನ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಕೈ ತಾನಾಗಿಯೇ ಹಳೆಯ ಪೇಪರಿಗೆ ಹೋಗಿ, ಸುತ್ತಿ, ಮಡಚಿ, ಆ ನಿರಪರಾಧಿಯನ್ನು ಕಪ್ಪು ಕವರಿನ ಅಜ್ಞಾತವಾಸಕ್ಕೆ ಕಳಿಸಿಬಿಡುತ್ತದೆ. ಕಪ್ಪು ಕವರು ಕಂಡರೆ ಒಳಗಿರುವುದು ಮೊಟ್ಟೆ ಎಂಬುದು ಇಡೀ ಬೀದಿಗೇ ಗೊತ್ತು. ಅಂದಮೇಲೆ ಅದು ಮುಚ್ಚುವ ಸಾಧನವೋ, ಸಾರುವ ಸಾಧನವೋ? ನಮ್ಮ ಬೀದಿಯ ಅಂಗಡಿಯ ಗಂಗಣ್ಣನನ್ನು ಒಮ್ಮೆ ಹಾಗೇ ಕೇಳಿದೆ. "ಸುಮ್ಕಿರಮ್ಮ, ಲಾ ಪಾಯಿಂಟು ಕೋರ್ಟಲ್ಲಿ ಹಾಕುವಂತೆ. ನಿಮ್ ಓನರಮ್ಮ ಗೇಟಲ್ಲೇ ಕೂತವ್ರೆ," ಅಂದ.

ಓನರಮ್ಮ ಎಂದರೆ ನಾನು ಬಾಡಿಗೆಗಿರುವ ಕೋಣೆಯ ಒಡತಿ ಸರ್ವಮಂಗಳಮ್ಮ. ಹಣೆಯ ಮೇಲೆ ಮೂರೆಳೆ ವಿಭೂತಿ, ಕೈಯಲ್ಲಿ ಸೊಪ್ಪು, ಕಣ್ಣು ಬೀದಿಯ ಮೇಲೆ. ನನ್ನ ಕಪ್ಪು ಕವರುಗಳು ಅವರ ಮುಂದೆ ಎಷ್ಟೋ ಸಲ ಹಾದುಹೋಗಿವೆ. ಅವರು ಒಮ್ಮೆಯೂ ಏನೆಂದು ಕೇಳಿಲ್ಲ, ನಾನು ಒಮ್ಮೆಯೂ ಹೇಳಿಲ್ಲ. ಈ ಉಭಯ ಮೌನವನ್ನೇ ನಮ್ಮ ಕಡೆ ಸಭ್ಯತೆ ಎನ್ನುತ್ತಾರೆ.

ಇಲ್ಲಿ ಒಂದು ವಿಷಯ ಹೇಳಬೇಕು: ನಾನು ಕೋಳಿ ಫಾರ್ಮಿನವರ ಮಗಳು. ಕೋಣೆ ಹಿಡಿಯುವಾಗ ಸರ್ವಮಂಗಳಮ್ಮ ಕೇಳಿದ್ದಕ್ಕೆ ಅವರಿಗೂ ಇದನ್ನು ಹೇಳಿದ್ದೆ. ಗುಬ್ಬಿಯಿಂದ ಸ್ವಲ್ಪ ಒಳಗೆ, ತೆಂಗಿನ ಸಾಲುಗಳ ಹಿಂದೆ, ನಮ್ಮದೊಂದು ಮೊಟ್ಟೆಕೋಳಿಯ ಶೆಡ್ಡಿದೆ. ದಿನವೂ ಬೆಳಿಗ್ಗೆ ಟೆಂಪೋ ತುಂಬಿ ಹೋಗುವಷ್ಟು ಮೊಟ್ಟೆ ಅಲ್ಲಿ ಹುಟ್ಟುತ್ತದೆ, ಆದರೆ ಒಂದೇ ಒಂದು ಮೊಟ್ಟೆ ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ. ಅಪ್ಪ ಶೆಡ್ಡಿನಿಂದ ಬಂದವರು ಹಿತ್ತಿಲ ನಲ್ಲಿಯಲ್ಲಿ ಸ್ನಾನ ಮಾಡಿ, ಮಡಿಯುಟ್ಟು, ಲಿಂಗಪೂಜೆ ಮುಗಿಸಿಯೇ ತಿಂಡಿಗೆ ಕೂರುತ್ತಾರೆ. ಅಮ್ಮ ಮೊಟ್ಟೆಯನ್ನು ಅಂಗೈಯಲ್ಲಿ ತೂಗಿ ಕೋಳಿಯ ಆರೋಗ್ಯ ಹೇಳಬಲ್ಲರು, ರುಚಿ ಮಾತ್ರ ಹೇಳಲಾರರು. ಹೀಗಾಗಿ ತುಮಕೂರಿಗೆ ಕಾನೂನು ಓದಲು ಬಂದ ಮೇಲಷ್ಟೇ ನಾನು ಮೊಟ್ಟೆ ತಿನ್ನಲು ಕಲಿತೆ, ಅದೂ ಗಂಗಣ್ಣನ ಅಂಗಡಿಯಿಂದ ಕೊಂಡು. ಸಮುದ್ರದ ನಂಟಸ್ತಿಕೆಯಿದ್ದೂ ಉಪ್ಪಿಗೆ ಬಡತನ ಎನ್ನುವುದು ನನ್ನಂಥವರಿಗೇ ಇರಬೇಕು.

ಇನ್ನು ನನ್ನ ಸ್ವಭಾವ. ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. 'ಊಟಕ್ಕೆ ಬಾ' ಎಂದರೆ ಪರವಾಗಿ ಮಾತಾಡಲೋ ವಿರೋಧವಾಗಿ ಮಾತಾಡಲೋ ಎಂದು ಯೋಚಿಸುವಷ್ಟರಲ್ಲಿ ಮುದ್ದೆ ಆರಿರುತ್ತದೆ. ಗೆದ್ದ ಟ್ರೋಫಿಗಳಲ್ಲಿ ಅಮ್ಮ ಸಾಸಿವೆ, ಮೆಂತ್ಯ ತುಂಬಿಟ್ಟು ಅವುಗಳಿಗೆ ಸದ್ಗತಿ ಕಾಣಿಸಿದ್ದಾರೆ. ಮೊದಲು ಕೋಳಿಯೋ ಮೊಟ್ಟೆಯೋ ಎಂಬ ಪುರಾತನ ಪ್ರಶ್ನೆಯನ್ನು ನನ್ನ ಮುಂದೆ ಯಾರಾದರೂ ಎತ್ತಿದರೆ ನಾನು ನಿರ್ದಾಕ್ಷಿಣ್ಯವಾಗಿ ಹೇಳುವುದಿಷ್ಟು: ಮೊದಲು ಬಂದದ್ದು ಮುಸುಕಿನ ಜೋಳ. ಜೋಳ ಬೆಳೆದವನಿಗೆ ಕೊಳ್ಳುವವನು ಯಾರು? ಕೋಳಿ. ಮೊಟ್ಟೆ ಕೂರುವ ಟ್ರೇ ಎಲ್ಲಿಂದ ಬರುತ್ತದೆ? ನಮ್ಮದು ಬರುವುದು ತುಮಕೂರಿನ ಸತ್ಯಮಂಗಲದಲ್ಲಿ ರದ್ದಿ ಪೇಪರನ್ನು ಅರೆದು ಒಣಗಿಸುವ ಒಂದು ಸಣ್ಣ ಕಾರ್ಖಾನೆಯಿಂದ. ಟೆಂಪೋ ಓಡಿಸುವವನ ಮನೆಯ ಒಲೆ, ಬೇಕರಿಯವನ ಕೇಕು, ವಸಂತನರಸಾಪುರದ ಫ್ಯಾಕ್ಟರಿ ಗೇಟಿನೆದುರು ಶಿಫ್ಟು ಮುಗಿಸಿ ಬರುವವರಿಗೆ ತಳ್ಳುಗಾಡಿಯಲ್ಲಿ ಸಿಗುವ ಎಗ್ ರೈಸು, ಇವೆಲ್ಲ ಆ ಬಿಳಿಯ ಗೋಳದ ಸುತ್ತ ತಿರುಗುವ ಉಪಗ್ರಹಗಳು. ನಮ್ಮಮ್ಮನ ಕಡೆಯವರು ಕುಣಿಗಲ್ಲಿನವರು. ಕುದುರೆ ಸಾಕಿದ ಊರು ನಮ್ಮದು ಎಂದು ಇವತ್ತಿಗೂ ಎದೆಯುಬ್ಬಿಸುತ್ತಾರೆ. ಒಳ್ಳೆಯದೇ. ಆದರೆ ನನಗೆ ತಿಳಿಯದು, ಕುದುರೆ ಓಡಿದರೆ ಪ್ರತಿಷ್ಠೆ, ಕೋಳಿ ಕೂತಲ್ಲೇ ದುಡಿದರೆ ಅಪ್ರತಿಷ್ಠೆ, ಇದು ಯಾವ ಶಾಸ್ತ್ರದ ತೀರ್ಪು? ತನ್ನ ಕೋಳಿ ಕೂಗಿದ್ದರಿಂದಲೇ ಬೆಳಗಾಯಿತೆಂದು ಬೀಗಿದ ಅಜ್ಜಿಯ ಕಥೆ ನಿಮಗೆ ಗೊತ್ತು. ನಮ್ಮ ಶೆಡ್ಡಿನಲ್ಲಿ ಒಂದು ಹುಂಜವೂ ಇಲ್ಲ, ಮೊಟ್ಟೆ ಇಡಲು ಅವುಗಳ ಅಗತ್ಯವೇ ಇಲ್ಲ. ಇರುವುದೆಲ್ಲ ಹೆಣ್ಣು, ಕೂಗುವವರಿಲ್ಲ, ಬೀಗುವವರಿಲ್ಲ, ಆದರೂ ದಿನವೂ ಬೆಳಗಾಗುತ್ತದೆ, ದಿನವೂ ಕೆಲಸವಾಗುತ್ತದೆ.

ಓದು ಮುಗಿದ ಮೇಲೆ ಫಾರ್ಮನ್ನು ನಾನೇ ನಡೆಸುತ್ತೇನೆಂದು ಅಪ್ಪನಿಗೆ ಹೇಳಿದ್ದೆ. ಅಪ್ಪ ಒಪ್ಪಿದ್ದರು, ಎಂದರೆ ಬೇಡವೆಂದಿರಲಿಲ್ಲ. ಅಷ್ಟರಲ್ಲಿ ಗುಬ್ಬಿಯ ನಮ್ಮ ಸೋದರತ್ತೆ ರುದ್ರಮ್ಮ ಅಮೃತೂರಿನ ಕಡೆಯ ಒಂದು ಸಂಬಂಧವನ್ನು ಹೊತ್ತು ತಂದರು. ತೆಂಗಿನ ತೋಟವಿರುವ ಮನೆ, ಮಠದ ಭಕ್ತರು, ಹುಡುಗ ಹೈಸ್ಕೂಲು ಮೇಷ್ಟ್ರು. ಅತ್ತೆಯ ವಾದ ಸರಳ. "ಈ ಕೋಳಿ ಇರೋಗಂಟ ಒಳ್ಳೆ ಮನೆಯೋರು ನಿನ್ ಬಾಗ್ಲಿಗ್ ಬರಲ್ಲ ಕಣೋ. ಈಗಿರೋವು ಮುಗೀಲಿ, ಹೊಸ ಮರಿ ತರಬ್ಯಾಡ. ಕೇಳಿದ್ರೆ ತೋಟ ಐತೆ ಅನ್ನು, ಸಾಕು." ಮೊಟ್ಟೆಕೋಳಿಯ ಕಸುಬಿನಲ್ಲಿ ಒಂದು ತಂಡಕ್ಕೆ ವಯಸ್ಸಾಗುವ ಮೊದಲೇ ಮುಂದಿನ ತಂಡದ ಮರಿಗಳಿಗೆ ಆರ್ಡರು ಹೇಳಿರಬೇಕು, ಹೇಳದಿದ್ದರೆ ಫಾರ್ಮು ಯಾರೂ ಮುಚ್ಚದೆಯೇ ತಾನಾಗಿ ಮುಚ್ಚಿಹೋಗುತ್ತದೆ. ಅಪ್ಪ ಮರಿಗೆ ಹೇಳುವ ಫೋನನ್ನು ಇವತ್ತು ನಾಳೆ ಎಂದು ಮುಂದೂಡತೊಡಗಿದರು. ಕೇಳಿದರೆ "ನೋಡನ ಬುಡು" ಎನ್ನುತ್ತಿದ್ದರು. ನನ್ನ ಮದುವೆಗೂ ನನ್ನ ಕೋಳಿಗಳಿಗೂ ನಡುವೆ ನನ್ನನ್ನು ಕೇಳದೆಯೇ ಒಂದು ತಕ್ಕಡಿ ತೂಗಲು ಶುರುವಾಗಿತ್ತು.

ಹೆಣ್ಣು ನೋಡುವ ದಿನ ನಾನು ಊರಿಗೆ ಹೋದಾಗ ಕಂಡ ದೃಶ್ಯವನ್ನು ಬಣ್ಣಿಸುವ ಮೊದಲು ನಮ್ಮ ಶೆಡ್ಡಿನ ಒಂದು ಕಟ್ಟಳೆಯನ್ನು ನಿಮಗೆ ಹೇಳಬೇಕು. ಮೊಟ್ಟೆಕೋಳಿ ಅತ್ಯಂತ ಸಂಪ್ರದಾಯಸ್ಥ ಪ್ರಾಣಿ. ಅದಕ್ಕೆ ಹೊಸದು ಎಂದರೆ ಆಗದು: ಹೊಸ ಸದ್ದು, ಹೊಸ ಮುಖ, ಮುಖ್ಯವಾಗಿ ಹೊಸ ಬಣ್ಣ. ಅದಕ್ಕೇ ನಮ್ಮಲ್ಲಿ ಶೆಡ್ಡಿನೊಳಗೆ ಹೋಗುವವರು ಯಾರೇ ಆಗಲಿ, ಬಾಗಿಲಲ್ಲಿ ನೇತುಹಾಕಿರುವ ಮಾಸಿದ ನೀಲಿ ಅಂಗಿಗಳಲ್ಲೊಂದನ್ನು ಮೇಲೆ ತೊಟ್ಟೇ ಹೋಗಬೇಕು. ಹಬ್ಬಕ್ಕೆ ಹೊಸ ಶರ್ಟು ಹಾಕಿಕೊಂಡರೂ ಅಪ್ಪ ಅದರ ಮೇಲೆ ನೀಲಿಯನ್ನು ಏರಿಸದೆ ಒಳಗೆ ಕಾಲಿಟ್ಟವರಲ್ಲ. ಅಂಥ ಅಪ್ಪ, ಅತ್ತೆಯ ಮಾತು ಕಟ್ಟಿಕೊಂಡು, ಶೆಡ್ಡು ಕಾಣದಿರಲೆಂದು ಅದರ ಇಡೀ ಉದ್ದಕ್ಕೂ ಕೆಂಪು ಹಳದಿ ಪಟ್ಟೆಯ ಶಾಮಿಯಾನದ ಬಟ್ಟೆ ಕಟ್ಟಿಸಿದ್ದರು! ನಾಟಕಕ್ಕೆ ಹೆಸರಾದ ಗುಬ್ಬಿ ತಾಲ್ಲೂಕಿನವರಿಗೆ ಪರದೆ ಕಟ್ಟುವುದನ್ನು ಯಾರೂ ಕಲಿಸಬೇಕಾಗಿಲ್ಲ, ನಿಜ. ಆದರೆ ನಾಟಕದಲ್ಲಿ ಪರದೆಯ ಹಿಂದಿರುವವರಿಗೆ ಅದರ ಭಯವಿರುವುದಿಲ್ಲ.

"ಅಪ್ಪಾ, ಕೋಳಿ ಬೆದರ್ತವೆ," ಅಂದೆ.

"ಗಾಳಿ ಇಲ್ವಲ್ಲ ಬುಡು," ಅಂದರು, ನನ್ನ ಮುಖ ನೋಡದೆ.

ಗಾಳಿ ಅಮೃತೂರಿನವರ ಜೊತೆಗೇ ಬಂತು. ಹುಡುಗ, ಅವನ ತಂದೆ, ತಾಯಿ ಜಮಖಾನದ ಮೇಲೆ ಕೂತು ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕಿದ್ದರು. ನಾನು ರೇಷ್ಮೆ ಸೀರೆಯಲ್ಲಿ, ನನ್ನ ಸ್ವಭಾವಕ್ಕೆ ಸಲ್ಲದ ಒಂದು ತಗ್ಗಿದ ತಲೆಯೊಂದಿಗೆ, ಕಾಫಿ ತಂದಿದ್ದೆ. ಹಿತ್ತಿಲಲ್ಲಿ ಬಟ್ಟೆ ಒಮ್ಮೆ ಪಟಪಟ ಬಡಿಯಿತು. ಮರುಕ್ಷಣ ಇಡೀ ಶೆಡ್ಡು ಒಂದೇ ಕೊರಳಿನಲ್ಲಿ ಕಿರುಚಿತು. ಅಂಥ ಆರ್ತನಾದವನ್ನು ನೀವು ಕೇಳಿಲ್ಲದಿದ್ದರೆ ನಿಮ್ಮ ಪುಣ್ಯ. ಕಬ್ಬಿಣದ ಸರಳಿಗೆ ರೆಕ್ಕೆ ಬಡಿಯುವ ಸದ್ದು, ಅದರ ಮೇಲೆ ಕೊಕ್ಕುಗಳ ಬೊಬ್ಬೆ.

"ಅದು ಪಕ್ಕದ್ ತೋಟದೋರದ್ದು," ಎಂದರು ರುದ್ರಮ್ಮತ್ತೆ, ಬಾಳೆಹಣ್ಣಿನ ತಟ್ಟೆ ಮುಂದೆ ನೂಕುತ್ತ.

ಹುಡುಗನ ತಾಯಿ ಶಾಂತಮ್ಮ ಕಿಟಕಿಯತ್ತ ಕತ್ತು ಚಾಚಿದರು. "ಪಕ್ಕದ್ ತೋಟ ನಿಮ್ ಹಿತ್ಲಲ್ಲೇ ಐತಾ?"

ಅಲ್ಲಿಂದಾಚೆಗೆ ನನ್ನ ತಲೆ ತಗ್ಗಿರಲಿಲ್ಲ. ಕಾಫಿ ತಟ್ಟೆಯನ್ನು ಹುಡುಗನ ಮಡಿಲಲ್ಲೇ ಇಟ್ಟೆನೆಂದು ಅಮ್ಮ ಈಗಲೂ ಹೇಳುತ್ತಾರೆ, ನನಗೆ ನೆನಪಿಲ್ಲ. ಹಿತ್ತಿಲಿಗೆ ಓಡಿ, ರೇಷ್ಮೆ ಸೀರೆಯ ಮೇಲೆ ನೀಲಿ ಅಂಗಿ ಏರಿಸಿ, ಪರದೆಯ ಹಗ್ಗಗಳನ್ನು ಒಂದೊಂದಾಗಿ ಬಿಚ್ಚತೊಡಗಿದೆ. ಸೆಳೆದು ಕೀಳುವಂತಿಲ್ಲ, ಕಿತ್ತರೆ ಇನ್ನೂ ಬೆದರುತ್ತವೆ. ಕೋಪ ಎಷ್ಟೇ ಇರಲಿ, ಕೈ ಮಾತ್ರ ಮೆಲ್ಲಗೇ ಇರಬೇಕು. ಎದುರು ತುದಿಯಿಂದ ಇನ್ನೊಂದು ನೀಲಿ ಅಂಗಿ ಹಗ್ಗ ಬಿಚ್ಚುತ್ತ ಬರುತ್ತಿರುವುದು ಸ್ವಲ್ಪ ಹೊತ್ತಿನ ಮೇಲೆ ಕಂಡಿತು. ಅಪ್ಪ. ನಡುವೆ ಎದುರಾದಾಗ ಕೊನೆಯ ಹಗ್ಗವನ್ನು ಇಬ್ಬರೂ ಸೇರಿ ಬಿಚ್ಚಿದೆವು. ಅಮ್ಮ ಅಷ್ಟರಲ್ಲಿ ಒಳಗೆ ಸಾಲುಗಳ ನಡುವೆ ನಡೆಯುತ್ತ, ದಿನವೂ ಮೇವು ಹಾಕುವಾಗ ಮಾಡುವ ಬೊಬೊಬೊ ಎಂಬ ಸದ್ದು ಮಾಡುತ್ತಿದ್ದರು. ಬಟ್ಟೆ ನೆಲಕ್ಕಿಳಿದಂತೆ ಕೂಗು ಗೊಣಗಾಗಿ, ಗೊಣಗು ಮೌನವಾಗುತ್ತ ಬಂತು.

ತಿರುಗಿ ನೋಡಿದರೆ ಅಮೃತೂರಿನವರು ಮೂವರೂ ಹಿತ್ತಿಲಲ್ಲಿ ನಿಂತಿದ್ದರು. ಹುಡುಗನ ತಂದೆಯ ಕಣ್ಣು ಶೆಡ್ಡಿನ ಪಕ್ಕದ ಗೊಬ್ಬರದ ಗುಡ್ಡೆಯ ಮೇಲಿತ್ತು. ತೆಂಗಿನ ತೋಟದವರಿಗೆ ಆ ಗುಡ್ಡೆಯ ಬೆಲೆ ಗೊತ್ತು. "ಇದೇ ಗೊಬ್ರ ಅಲ್ವೇನೇ, ಹೋದ್ಸಲ ನಮ್ ತೋಟುಕ್ಕೆ ಗುಬ್ಬಿ ಕಡೆಯಿಂದ ತರ್ಸಿದ್ದು? ಅದು ಬಿದ್ಮ್ಯಾಕೆ ತಾನೆ ಕಾಯಿ ಕಚ್ಚಿದ್ದು," ಎಂದು ಹೆಂಡತಿಯತ್ತ ತಿರುಗಿದರು.

"ನೀವ್ ಸುಮ್ಕಿರಿ," ಎಂದರು ಶಾಂತಮ್ಮ. ಆಮೇಲೆ ನನ್ನ ಸೀರೆಯನ್ನೂ ಅದರ ಮೇಲಿನ ಅಂಗಿಯನ್ನೂ ಒಮ್ಮೆ ಅಳೆದು, ಕಹಿಯಿಲ್ಲದೆಯೇ ಅಪ್ಪನಿಗೆ ಹೇಳಿದರು. "ಹುಡ್ಗಿ ಚುರುಕಾಗವ್ಳೆ. ನಮ್ಗೆ ಒಪ್ಗೆ. ಆದ್ರೆ ಇದೊಂದುನ್ನ ಮುಗ್ಸ್‌ಬುಡಿ. ನಾಳೆ ನೆಂಟ್ರು, 'ನಿಮ್ ಬೀಗ್ರೇನ್ ಮಾಡ್ತಾರೆ' ಅಂದ್ರೆ ನಾನೇನ್ ಹೇಳ್ಲಿ?"

ಓದುಗರೇ, ಇದೇ ನನ್ನ ವೇದಿಕೆಯಾಗಿತ್ತು. ಜೋಳ, ಟ್ರೇ, ಟೆಂಪೋ, ಕುದುರೆ, ಹುಂಜ, ಇವೆಲ್ಲ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ತಿನ್ನದಿರುವುದು ವ್ರತ, ಅದಕ್ಕೆ ನನ್ನ ನಮಸ್ಕಾರವಿದೆ, ಆದರೆ ಮುಚ್ಚಿಡುವುದು ಬರೀ ನಾಚಿಕೆ, ಎರಡನ್ನೂ ಒಂದೇ ಪೀಠದಲ್ಲಿ ಕೂರಿಸಬೇಡಿ ಎಂಬ ವಾಕ್ಯವನ್ನಂತೂ ಎಷ್ಟೋ ದಿನದಿಂದ ಮಸೆದಿಟ್ಟಿದ್ದೆ. ಬಾಯಿ ತೆರೆದರೆ ಬಂದದ್ದು ಎರಡೇ ಮಾತು. "ಆಗಲ್ಲ ಕಣಮ್ಮ." ಟ್ರೋಫಿಗಳು ಒಳಗೆ ಸಾಸಿವೆ ಹೊತ್ತುಕೊಂಡು ಸುಮ್ಮನಿದ್ದವು.

ಅಪ್ಪ ಶಾಮಿಯಾನದ ಬಟ್ಟೆಯನ್ನು ಮಡಚಿ ಕಂಕುಳಿಗೇರಿಸಿದರು. "ಹೊಸ ಮರಿಗೆ ಹೇಳ್ಬುಟ್ಟಿದೀನಲ್ಲ ತಾಯಿ. ಇನ್ನು ಬ್ಯಾಡ ಅನ್ನಕ್ ಆಗಕಿಲ್ಲ."

ಹೇಳಿರಲಿಲ್ಲ. ನನಗೆ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಬಂದವರ ಕಾರು ತೋಟದ ತಿರುವು ದಾಟುವವರೆಗೆ ಕೈಮುಗಿದು ನಿಂತಿದ್ದ ಅಪ್ಪ, ನೀಲಿ ಅಂಗಿಯ ಜೇಬಿನಿಂದ ಮೊಬೈಲು ತೆಗೆದು ಮರಿ ಮಾರುವವರಿಗೆ ಫೋನು ಮಾಡಿದರು. ಅದುವರೆಗಿನ ಸುಳ್ಳನ್ನು ನಿಜ ಮಾಡಲು ಅವರಿಗೆ ಬೇಕಾದದ್ದು ಒಂದೇ ಕರೆ. "ಮಗಳು ನೋಡ್ಕೊತಾಳೆ. ಹೂಂ, ಹೆಣ್ಮಗಳೇ. ಯಾಕೆ, ಕೋಳಿಯೇನ್ ಗಂಡಾ?" ಎಂದು ಅತ್ತ ಕಡೆಯವನನ್ನು ಗದರಿದ್ದು ಕೇಳಿ ಅತ್ತೆ ಉಪ್ಪಿಟ್ಟಿನ ತಟ್ಟೆಗಳನ್ನು ಜೋರಾಗಿ ಜೋಡಿಸಿದರು.

ಸಂಬಂಧ ಅಲ್ಲಿಗೇ ನಿಂತಿತು. ಕೋಳಿಗಳು ಕೆಲವು ದಿನ ಚಿಪ್ಪೇ ಇಲ್ಲದ, ತೊಗಲಿನಂಥ ಮೊಟ್ಟೆಯಿಟ್ಟು ತಮ್ಮ ಪ್ರತಿಭಟನೆ ದಾಖಲಿಸಿದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅತ್ತೆ ಈಗಲೂ ನನ್ನೊಡನೆ ಮಾತಾಡುವುದಿಲ್ಲ. ಅವರ ಮೊಮ್ಮಕ್ಕಳು ಬೇಕರಿಯ ಕೇಕನ್ನು ನಿರಾತಂಕವಾಗಿ ತಿನ್ನುತ್ತವೆ.

ನನ್ನ ವಿರೋಧಿಗಳ ಕೈಯಲ್ಲಿ ಒಂದು ಗಟ್ಟಿ ವಾದವಿದೆ. ಅದನ್ನು ನಾನೇ ಹೇಳಿಬಿಡುತ್ತೇನೆ, ನೀವು ಹುಡುಕುವ ಶ್ರಮ ಬೇಡ. ಆ ಪಂಜರ ಇಕ್ಕಟ್ಟು. ಅಂದು ಕೋಳಿಗಳು ಸರಳಿಗೆ ಬಡಿದುಕೊಂಡದ್ದನ್ನು ಕಂಡ ಮೇಲೆ ಆ ಮಾತಿಗೆ ನನ್ನಲ್ಲಿ ಹಾರಿಕೆಯ ಉತ್ತರ ಉಳಿದಿಲ್ಲ. ಹೊಸ ತಂಡಕ್ಕೆ ಗೂಡುಗಳನ್ನು ಅಗಲ ಮಾಡೋಣ ಎಂದರೆ ಅಪ್ಪ ಗೊಣಗುತ್ತಾರೆ, ನಾನು ಬಿಡುವುದಿಲ್ಲ. ಈ ಚರ್ಚೆ ಇನ್ನೂ ನಡೆದಿದೆ. ಆದರೆ ಒಂದು ಮಾತು ಖಂಡಿತ: ಪರದೆ ಕಟ್ಟುವುದರಿಂದ ಪಂಜರ ದೊಡ್ಡದಾಗುವುದಿಲ್ಲ. ಕಾಣುವ ಹಾಗೆ ಇಟ್ಟರೆ ತಾನೆ ಯಾರಾದರೂ ಕೇಳುವುದು, ಕೇಳಿದರೆ ತಾನೆ ನಾವು ತಿದ್ದುವುದು?

ಆ ಸಲ ತುಮಕೂರಿಗೆ ಮರಳಿದ ಸಂಜೆ ಗಂಗಣ್ಣನ ಅಂಗಡಿಗೆ ಹೋದೆ. ಅವನ ಕೈ ಅಭ್ಯಾಸಬಲದಿಂದ ಪೇಪರಿಗೆ ಹೋಯಿತು. "ಬೇಡ, ಹಂಗೇ ಕೊಡಿ," ಎಂದೆ. ಅವನು ನನ್ನನ್ನೂ ಬೀದಿಯನ್ನೂ ನೋಡಿ, ಹರಿದ ಟ್ರೇಯ ತುಂಡಿನಲ್ಲಿ ಮೊಟ್ಟೆಗಳನ್ನು ಕೂರಿಸಿ, "ನಿಮ್ಮಿಷ್ಟ ಕಣಮ್ಮ, ನನ್ ಮೇಲ್ ಹಾಕ್ಬ್ಯಾಡಿ," ಅಂದ.

ದೇವರ ಉತ್ಸವ ಹೊರಟ ಹಾಗೆ ಎರಡೂ ಕೈಯಲ್ಲಿ ಹಿಡಿದು ಬೀದಿಯ ನಡುವೆ ನಡೆದೆ. ಗೇಟಿನಲ್ಲಿ ಸರ್ವಮಂಗಳಮ್ಮ ಸೊಪ್ಪು ಬಿಡಿಸುತ್ತಿದ್ದರು. ಮನಸ್ಸಿನಲ್ಲಿ ಪೂರ್ವಪಕ್ಷ, ಉತ್ತರಪಕ್ಷ, ಉಪಸಂಹಾರ ಎಲ್ಲವೂ ಸಿದ್ಧ. ಕೋಣೆ ಖಾಲಿ ಮಾಡು ಎಂದರೂ ಸರಿ, ಇವತ್ತು ತಲೆ ತಗ್ಗಿಸುವವಳಲ್ಲ. ಅವರು ಕನ್ನಡಕ ಏರಿಸಿ ಟ್ರೇಯನ್ನು ನಿಧಾನವಾಗಿ ನೋಡಿದರು.

"ಗಂಗಣ್ಣನ ಅಂಗ್ಡೀದಾ?"

"ಹೂಂ," ಎಂದೆ, ಎದೆ ಸೆಟೆಸಿ.

"ಅಪ್ಪನ ಮನೇಲಿ ಅಷ್ಟೊಂದ್ ಕೋಳಿ ಇಟ್ಕೊಂಡು ಅಂಗ್ಡೀಲ್ ಕೊಂಡ್ಕೊಂಡ್ ಬರ್ತೀಯಲ್ಲೇ," ಎಂದರು ಸರ್ವಮಂಗಳಮ್ಮ, ಮತ್ತೆ ಸೊಪ್ಪಿಗೆ ಕೈ ಹಾಕುತ್ತ, "ನಾಚ್ಕೆ ಆಗಲ್ವಾ?"