ಮನಿ ಎಂದರೆ ಕೆಂಪು

ತರಬೇತಿ ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಎಷ್ಟು ತರಬೇತಿ ಮುಗಿಸಿದ್ದೇನೋ ನೆನಪಿಲ್ಲ. ಬೆಳಿಗ್ಗೆ ಹಾಜರಿಗೆ ಸಹಿ ಮತ್ತು ಉಪ್ಪಿಟ್ಟು, ಮಧ್ಯಾಹ್ನ ತೂಕಡಿಕೆ, ನಾಲ್ಕಕ್ಕೆ ಗುಂಪು ಕಟ್ಟಿಕೊಂಡು ಡ್ರಾಯಿಂಗ್ ಶೀಟಿನ ಮೇಲೆ ಬಣ್ಣದ ಪೆನ್ನು ಉಜ್ಜುವುದು. ಮರುದಿನ ಶಾಲೆಗೆ ಬಂದರೆ ಅದೇ ಕರಿಹಲಗೆ, ಅದೇ ನಾನು. ಅಂಥ ನಾನು ಒಂದು ತರಬೇತಿಯ ಬಗ್ಗೆ ಎದೆಯುಬ್ಬಿಸಿ ಬರೆಯುತ್ತಿದ್ದೇನೆ ಎಂದರೆ ಅದಕ್ಕೆ ಕಾರಣ ಗುಲ್ನಾಜ್.

ನಾನು ಕಸ್ತೂರಿ, ದೋರನಹಳ್ಳಿಯ ಸರಕಾರಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಗುಲ್ನಾಜ್ ಅಲ್ಲಿಯೇ ಕನ್ನಡ ಕಲಿಸುತ್ತಾಳೆ. ಇಬ್ಬರೂ ಶಹಾಪುರದವರು. ಒಂಬತ್ತು ವರ್ಷದಿಂದ ಒಂದೇ ಬಸ್ಸು, ಸಿಕ್ಕರೆ ಒಂದೇ ಸೀಟು. ಅವಳ ಅಪ್ಪ ಮೈನುದ್ದೀನ ಟೇಲರ್ ಕೆಲಸ ಮಾಡುತ್ತಿದ್ದವರು, ಮನೆಯಲ್ಲಿ ಆಡುವುದು ದಖನಿ ಉರ್ದು. ಅವಳು ಹೊಸದಾಗಿ ಬಂದಾಗ ಊರಿನ ಹಿರಿಯರೊಬ್ಬರು ನಮ್ಮೆದುರಿಗೇ ಕೇಳಿದ್ದರು, "ಉರ್ದು ಮನಿಯಾಕಿ ನಮ್ಮ ಹುಡುಗ್ರಿಗಿ ಕನ್ನಡ ಏನ್ ಕಲಸ್ತಾಳ್ರಿ?" ಆರು ತಿಂಗಳಿಗೆ ಅದೇ ಹಿರಿಯರು ತಮ್ಮ ಮೊಮ್ಮಗಳನ್ನು ಖಾಸಗಿ ಶಾಲೆಯಿಂದ ಬಿಡಿಸಿ ತಂದು ಅವಳ ತರಗತಿಯಲ್ಲಿ ಕೂರಿಸಿದರು. ನಾಲ್ಕು ಮಾತು ಹೇಳಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು. ಗುಲ್ನಾಜ್ ನನ್ನ ಕೈ ಹಿಡಿದು ಸುಮ್ಮನಿರಿಸಿದಳು.

ಕಳೆದ ವರ್ಷ ಒಂದು ಸಂಸ್ಥೆಯವರು ಶಾಲೆಗೆ ಎಂಟು ಟ್ಯಾಬ್ ಕೊಟ್ಟರು. ಅದರೊಳಗೆ ಓದುವ ಆ್ಯಪ್. ಮಗು ಪರದೆಯ ಮೇಲಿನ ಕಥೆಯನ್ನು ಗಟ್ಟಿಯಾಗಿ ಓದಬೇಕು. ಸರಿಯಾಗಿ ಓದಿದ ಶಬ್ದ ಹಸಿರಾಗುತ್ತದೆ, ತಪ್ಪಿದ್ದು ಕೆಂಪಾಗುತ್ತದೆ. ಮೊದಲ ವಾರ ಮಕ್ಕಳು ಟ್ಯಾಬಿಗಾಗಿ ಕಿತ್ತಾಡಿದರು. ಮೂರನೆಯ ವಾರಕ್ಕೆ ಓದುವ ಪಾಳಿ ಬಂದರೆ ಸಾಕು, ಒಬ್ಬನಿಗೆ ನೀರಡಿಕೆ, ಇನ್ನೊಬ್ಬಳಿಗೆ ಹೊಟ್ಟೆನೋವು.

ಐದನೆಯ ತರಗತಿಯ ಜ್ಯೋತಿ ಅವರಲ್ಲೆಲ್ಲ ದೊಡ್ಡ ಬಾಯಿಯವಳು. ಅವಳು ಪಾಠ ಓದಿದರೆ ಅಡುಗೆ ಕೋಣೆಯವರಿಗೂ ಕೇಳಿಸುತ್ತಿತ್ತು. ಅವಳು ಟ್ಯಾಬಿನ ಮುಂದೆ ಕೂತು 'ಮನಿಯ ಮುಂದ ಎಮ್ಮಿ' ಎಂದು ಓದಿದಳು. ಮೂರೂ ಕೆಂಪು. ಪಕ್ಕದಲ್ಲಿ ನಾನೇ ಇದ್ದೆ. "ಅವಸರ ಮಾಡಬ್ಯಾಡವ್ವಾ, ನೋಡಿ ಓದು" ಎಂದು ಗದರಿಸಿದೆ. ಅವಳು ನೋಡಿಯೇ ಓದಿದಳು. ಮತ್ತೆ ಕೆಂಪು. ನಮ್ಮ ಕಡೆ ಕಣ್ಣು 'ಮನೆ' ಎಂದು ಕಂಡದ್ದನ್ನು ಬಾಯಿ 'ಮನಿ' ಎನ್ನುತ್ತದೆ, ಮಳೆ ಮಳಿಯಾಗುತ್ತದೆ. ಅದನ್ನು ನಾನು ತಪ್ಪೆಂದೂ ಸರಿಯೆಂದೂ ಎಂದೂ ಯೋಚಿಸಿದವಳಲ್ಲ, ಏಕೆಂದರೆ ನನ್ನ ಬಾಯಿಯೂ ಅದೇ.

ತಿಂಗಳ ಕೊನೆಗೆ ಆ್ಯಪ್ ಒಂದು ಪಟ್ಟಿ ಕೊಟ್ಟಿತು: ಓದಲು ಬಾರದ ಮಕ್ಕಳು, ಹತ್ತೊಂಬತ್ತು ಹೆಸರು. ಮೊದಲನೆಯದೇ ಜ್ಯೋತಿ. ಅವರನ್ನು ಬೇರೆ ಕೋಣೆಯಲ್ಲಿ ಕೂರಿಸಿ ಅ ಆ ಇ ಈಯಿಂದ ಶುರುಮಾಡಬೇಕೆಂದು ಇಲಾಖೆಯಿಂದ ಸೂಚನೆಯೂ ಬಂತು. ಮರುದಿನದಿಂದ ಜ್ಯೋತಿ ತುಟಿ ಬಿಚ್ಚಲಿಲ್ಲ. ಹಾಜರಿ ಕರೆದರೂ ಬರೀ ಕೈ ಎತ್ತುತ್ತಿದ್ದಳು.

ಮೂರು ವಾರ ಹೀಗೇ ನಡೆದ ಮೇಲೆ ಅವಳ ತಾಯಿ ದೇವಕ್ಕ ಹೊಲಕ್ಕೆ ಹೋಗುವ ದಾರಿಯಲ್ಲಿ ಶಾಲೆಗೆ ಬಂದಳು.

"ಟೀಚರ್ರ, ನಮ್ಮ ಹುಡುಗಿ ಸಾಲಿ ಬಿಡ್ತೀನಿ ಅನ್ಲಿಕತ್ಯಾಳ್ರಿ. ಮನ್ಯಾಗೂ ಮಾತಿಲ್ಲ. ನಾ ಮಾತಾಡಿಸಿದ್ರ, ಯವ್ವಾ ನೀ ಆಡೂದೆಲ್ಲ ತಪ್ಪದ, ಕೆಂಪ ಬರ್ತದ ಅಂತಾಳ. ಸೋಮವಾರದಿಂದ ನನ್ನ ಕೂಡ ಹತ್ತಿ ಬಿಡಸಾಕ ಬರ್ತಾಳಂತ. ನಾ ಏನ್ ಮಾಡ್ಲಿ ಹೇಳ್ರಿ?"

ಗುಲ್ನಾಜಳ ಮುಖ ಕಪ್ಪಿಟ್ಟಿತು. "ನಾಕು ದಿನ ತಡೀರಿ ದೇವಕ್ಕ" ಎಂದಷ್ಟೇ ಹೇಳಿದಳು. ಆ ಸಂಜೆ ಬಸ್ಸಿನಲ್ಲಿ ಟ್ಯಾಬ್ ತೊಡೆಯ ಮೇಲಿಟ್ಟುಕೊಂಡು ತಾನೇ ಓದತೊಡಗಿದಳು. 'ಮನಿ' ಎಂದಳು, ಕೆಂಪು. ಬಾಯಿ ಅಗಲಿಸಿ 'ಮನೆ' ಎಂದಳು, ಹಸಿರು. ನಾಲ್ಕೈದು ಸಲ ಹಾಗೇ ಮಾಡಿದಳು. ಹಿಂದಿನ ಸೀಟಿನವರು ನಗುತ್ತಿದ್ದರು.

"ಕಸ್ತೂರಕ್ಕ, ತಪ್ಪು ಹುಡುಗೀದಲ್ರಿ. ಇದಕ್ಕ ನಮ್ಮ ಮಾತೇ ತಿಳಿಯಂಗಿಲ್ಲ."

ನನಗೆ ನಾಚಿಕೆಯಾಯಿತು. ಗದರಿಸಿದವಳು ನಾನು.

ಮರುದಿನದಿಂದ ಯಾದಗಿರಿಯಲ್ಲಿ ಮೂರು ದಿನದ ತರಬೇತಿ ಇತ್ತು. ವೇದಿಕೆಯ ಮೇಲೆ ಬ್ಯಾನರ್: 'ವಿದ್ಯಾರ್ಥಿಗಳ ತೊಡಗಿಸಿಕೊಳ್ಳುವಿಕೆ, ಮನೋಕ್ಷೇಮ ಮತ್ತು ತರಗತಿ ತಂತ್ರಜ್ಞಾನ'. ಓದಿ ಮುಗಿಸುವಷ್ಟರಲ್ಲಿ ಚಹಾ ಆರಿತು. ಜಿಲ್ಲೆಯ ನೂರಿಪ್ಪತ್ತು ಶಿಕ್ಷಕರು. ಕಲಿಸಲು ಬಂದವರು ಟ್ಯಾಬ್ ಕೊಟ್ಟ ಸಂಸ್ಥೆಯ ಅರುಣಕುಮಾರ, ಮೈಸೂರು ಕಡೆಯ ಹುಡುಗ, ನಯವಾದ ಮಾತು. ಎರಡನೆಯ ದಿನ ಅವರು ಪರದೆಯ ಮೇಲೆ, ಆ್ಯಪ್ ಕೊಟ್ಟ ಅಂಕದ ಪ್ರಕಾರ ಶಾಲೆಗಳ ಸಾಲು ತೋರಿಸಿದರು. ಕಟ್ಟಕಡೆಗೆ ನಮ್ಮದು.

"ದೋರನಹಳ್ಳಿಯ ಮಕ್ಕಳಿಗೆ ಅಭ್ಯಾಸ ಸಾಲದು ಅನ್ನಿಸುತ್ತೆ" ಎಂದರು.

ನಾನು ಸಿಟ್ಟಿನಿಂದ ಏಳುವ ಮೊದಲೇ ಗುಲ್ನಾಜ್ ಎದ್ದಿದ್ದಳು. "ಸರ್, ಹತ್ತು ನಿಮಿಷ ಕೊಡ್ತೀರೇನ್ರಿ?" ಎಂದವಳೇ ಟ್ಯಾಬ್ ಹಿಡಿದು ವೇದಿಕೆ ಹತ್ತಿದಳು. ಅದನ್ನು ದೊಡ್ಡ ಪರದೆಗೆ ಜೋಡಿಸಿ, ಸುರಪುರದ ವಿಶ್ವರಾಧ್ಯ ಸರ್ ಅವರನ್ನು ಕರೆದಳು. ಮೂವತ್ತು ವರ್ಷ ಕನ್ನಡ ಕಲಿಸಿದವರು, ಜಿಲ್ಲೆಯಲ್ಲಿ ಯಾವ ಸಮಾರಂಭವಾದರೂ ನಿರೂಪಣೆ ಅವರದೇ. ಅವರು ಕನ್ನಡಕ ಏರಿಸಿ ತುಂಬು ಕಂಠದಲ್ಲಿ ಓದಿದರು, "ಮಳಿ ಬಂತು. ಮನಿಯ ಮುಂದ ಎಮ್ಮಿ ನಿಂತಿತ್ತು." ಬಂತು, ನಿಂತಿತ್ತು ಎರಡೇ ಹಸಿರು.

ಸಭೆ ಘೊಳ್ಳೆಂದು ನಕ್ಕಿತು. "ಏ, ಇದಕ್ಕ ಕಿವಿ ಕೆಟ್ಟಾವೇನ್ರಿ!" ಎಂದು ವಿಶ್ವರಾಧ್ಯರು ಟ್ಯಾಬನ್ನು ಮೇಲೆ ಕೆಳಗೆ ಮಾಡಿ ನೋಡಿದರು. ಆಮೇಲೆ ನಾನು ಓದಿದೆ, ಕೆಂಪು. ಇನ್ನೂ ಆರು ಜನ ಓದಿದರು, ಕೆಂಪು. ಕೊನೆಗೆ ಅರುಣಕುಮಾರರಿಗೆ ಓದಲು ಹೇಳಿದಳು. ಸಾಲಿಗೆ ಸಾಲೇ ಹಸಿರಾಯಿತು. ನಗು ನಿಂತುಹೋಯಿತು.

"ಈಗ ಹೇಳ್ರಿ ಸರ್. ವಿಶ್ವರಾಧ್ಯ ಸರ್ ಅವರಿಗಿ ಓದಾಕ ಬರಂಗಿಲ್ಲಂತ ಬರೀತೀರೇನ್ರಿ? ಅವರಿಗಿ ಬೇರೆ ಖೋಲ್ಯಾಗ ಕೂಡಿಸಿ ಅ ಆ ಇ ಈ ಕಲಸ್ತೀರೇನ್ರಿ?"

ಆಮೇಲೆ ಗುಲ್ನಾಜ್, ಒಂಬತ್ತು ವರ್ಷ ಪಕ್ಕದಲ್ಲಿ ಕೂತ ನನಗೂ ಹೇಳದ ಮಾತು ಹೇಳಿದಳು.

"ನಾ ಮೂರನೇ ಕ್ಲಾಸಿನ್ಯಾಗ ಇದ್ದಾಗ ನನಗ ಳ ಬರ್ತಿದ್ದಿಲ್ರಿ. ನಮ್ಮ ಹಳ್ಳಿ ಅಂತ ಓದಾಕ ಹೋಗಿ ನಮ್ಮ ಹಲ್ಲಿ ಅಂದೆ. ಸರ್ ನಕ್ರು, ಕ್ಲಾಸ್ ನಕ್ಕಿತು. ವರ್ಷಪೂರ್ತಿ ಎಲ್ರೂ ನನಗ ಹಲ್ಲೀ ಅಂತ ಕರದ್ರು. ಎರಡು ವರ್ಷ ನಾ ಸಾಲ್ಯಾಗ ಬಾಯಿ ತಗೀಲಿಲ್ಲ. ಈಗ ನಮ್ಮ ಸಾಲ್ಯಾಗ ಒಬ್ಬಾಕಿ ಬಾಯಿ ಮುಚ್ಯಾಳ. ಆಕಿ ಸಾಲೀನೇ ಬಿಡಾಕತ್ಯಾಳ. ಮನೋಕ್ಷೇಮ ಅಂತ ಅಷ್ಟು ದೊಡ್ಡದಾಗಿ ಬರದೀರಿ, ಅದಕ್ಕ ಹೇಳಿದೆ. ಬರಿಯೂದು ಮನೆ ಅಂತ ನಾ ಕಲಸ್ತೀನಿ, ಅದು ನನ್ನ ಕೆಲಸ. ಆದ್ರ ಮನಿ ಅಂದ್ರ ತಪ್ಪು ಅಂತ ಮಾತ್ರ ನಾ ಹೇಳಂಗಿಲ್ಲ."

ಮೊದಲು ಚಪ್ಪಾಳೆ ಹೊಡೆದದ್ದು ವಿಶ್ವರಾಧ್ಯರು. ಆಮೇಲೆ ಯಾರು ಹೊಡೆದರು, ಯಾರು ಬಿಟ್ಟರು ನಾನು ನೋಡಲಿಲ್ಲ, ನನ್ನ ಕಣ್ಣು ಮಂಜಾಗಿದ್ದವು. ಅರುಣಕುಮಾರ ಒಳ್ಳೆಯ ಮನುಷ್ಯ, ಸುಳ್ಳು ಯಾಕೆ ಹೇಳಲಿ. "ಇದು ನಮಗೆ ಗೊತ್ತೇ ಆಗಿರಲಿಲ್ಲ ಮೇಡಂ, ಕ್ಷಮಿಸಿ" ಎಂದು ಎಲ್ಲರೆದುರಿಗೇ ಹೇಳಿದರು. ಕೆಂಪು ಹಸಿರಿನ ಗುರುತು ಮುಚ್ಚುವುದು ಹೇಗೆಂದು ತೋರಿಸಿದರು. ಅದನ್ನು ಮುಚ್ಚಿದರೆ ಟ್ಯಾಬ್ ಮಗುವಿನ ಓದನ್ನು ಹಿಡಿದಿಟ್ಟು ಅದರದೇ ದನಿಯಲ್ಲಿ ತಿರುಗಿ ಕೇಳಿಸುತ್ತದೆ. ಸಭೆಯಲ್ಲಿದ್ದ ಇಲಾಖೆಯ ಅಧಿಕಾರಿಗಳು ಇನ್ನು ಆ ಪಟ್ಟಿ ಕಳಿಸುವುದು ಬೇಡವೆಂದರು. ಮೂರನೆಯ ದಿನದ ಬೆಳಗಿನ ಪಾಠ ಮಾಡಿದ್ದು ಗುಲ್ನಾಜ್. ನಾನು ತೂಕಡಿಸಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು.

ಸೋಮವಾರ ಜ್ಯೋತಿ ಬರಲಿಲ್ಲ. ನಾವಿಬ್ಬರೂ ಹೊಲಕ್ಕೇ ಹೋದೆವು. ಹುಡುಗಿ ಹತ್ತಿ ಗಿಡಗಳ ನಡುವೆ ಉಡಿ ಕಟ್ಟಿಕೊಂಡು ನಿಂತಿದ್ದಳು. ನಮ್ಮನ್ನು ಕಂಡು ತಲೆ ಬಗ್ಗಿಸಿದಳು. ಗುಲ್ನಾಜ್ ಬದುವಿನ ಮೇಲೆ ಕೂತು, ಯಾದಗಿರಿಯಲ್ಲಿ ವಿಶ್ವರಾಧ್ಯ ಸರ್ ಓದಿದ್ದು, ಕೆಂಪು ಬಂದದ್ದು, ನಾನು ಓದಿದ್ದು, ಕೆಂಪು ಬಂದದ್ದು ಎಲ್ಲ ಹೇಳಿದಳು. ಜ್ಯೋತಿ ನನ್ನ ಮುಖ ನೋಡಿದಳು.

"ಹೌದವ್ವಾ, ನಂದೂ ಕೆಂಪ. ಅವತ್ತು ನಿನ್ನ ಬೈದಿದ್ದು ನನ್ನ ತಪ್ಪು" ಎಂದೆ.

ಅವಳು ಕೈಯಲ್ಲಿದ್ದ ಹತ್ತಿಯನ್ನು ಉಡಿಗೆ ಹಾಕಿಕೊಂಡಳು. ಆಮೇಲೆ ಮೂರು ವಾರದಲ್ಲಿ ನಾವು ಕೇಳಿರದ ದನಿ ಬಂತು.

"ಟೀಚರ್ರ, ಅದಕ್ಕ ನಮ್ಮ ಮಾತು ಬರಂಗಿಲ್ಲೇನ್ರಿ?"

"ಬರಂಗಿಲ್ಲವ್ವಾ."

"ಹಂಗಾದ್ರ ಅದರ ಹೆಸರೂ ಪಟ್ಟಿಗಿ ಹಾಕ್ರಿ."

ದೇವಕ್ಕ ನಕ್ಕಳು, ನಾನೂ ನಕ್ಕೆ. ಗುಲ್ನಾಜ್ ನಗಲಿಲ್ಲ. ಬ್ಯಾಗಿನಿಂದ ಆ ಪಟ್ಟಿ ತೆಗೆದು, ಹತ್ತೊಂಬತ್ತೂ ಹೆಸರು ಹೊಡೆದು ಹಾಕಿ, ಕೆಳಗೆ ಒಂದು ಸಾಲು ಬರೆದು ಹುಡುಗಿಯ ಕೈಗೆ ಕೊಟ್ಟಳು. ಜ್ಯೋತಿ ಉಡಿಯ ಹತ್ತಿಯನ್ನು ತಾಯಿಯ ಚೀಲಕ್ಕೆ ಸುರಿದು, ಕಾಗದ ಹಿಡಿದು, ಆಚೆ ಹೊಲದವರೂ ತಿರುಗಿ ನೋಡುವಂತೆ ಓದಿದಳು: "ಟ್ಯಾಬಿಗಿ ಓದು ಬರಂಗಿಲ್ಲ. ಜ್ಯೋತಿ ಕಲಸ್ತಾಳ."