ಬೋಳು ಕಾರು

ನಮ್ಮ ಅಬ್ಬ ಅಮ್ಮಿಯ ಹೊಲಿಗೆ ಮೆಷಿನ್ ಕೊಟ್ಟು ಕಾರು ತಂದರು. ಹೀಗೆಂದರೆ ಈಗಿನ ಮಕ್ಕಳು ನಗುತ್ತಾರೆ. ಆಗ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಅಬ್ಬ ಮದ್ದೂರಿನಲ್ಲಿ ಬಸ್ಸು ರಿಪೇರಿ ಮಾಡುತ್ತಿದ್ದರು. ಜಲಪಾತದ ಹತ್ತಿರದ ಬ್ಲಫ್ ಎಂಬ ಊರಿನ ಕರೆಂಟು ಸ್ಟೇಷನ್ನಿನಲ್ಲಿದ್ದ ಬಿಳಿ ಇಂಜಿನಿಯರೊಬ್ಬ ಯುದ್ಧಕ್ಕೆ ಹೊರಟಾಗ ತನ್ನ ಕಾರನ್ನು ಬಟ್ಲರನಿಗೆ ಬಿಟ್ಟುಹೋಗಿದ್ದ. ಇಬ್ಬರೇ ಕೂರಬಹುದಾದ, ಮೂತಿ ಉದ್ದನೆಯ ಕೆಂಪು ಕಾರು. ತಲೆಯ ಮೇಲೆ ಚಾವಣಿಯಿಲ್ಲ. ಬೇಕಾದಾಗ ಎಳೆದುಕೊಳ್ಳುವ ಬಟ್ಟೆಯ ಟಾಪೊಂದು ಇತ್ತಂತೆ, ಅದನ್ನು ಇಲಿಗಳು ತಿಂದು ಕಂಬಿಗಳಷ್ಟೇ ಉಳಿದಿದ್ದವು. ಬಟ್ಲರನ ಮಗಳ ಮದುವೆಗೆ ಗಂಡಿನ ಕಡೆಯವರು ಹೊಲಿಗೆ ಮೆಷಿನ್ ಕೇಳಿದ್ದರು. ಅಷ್ಟು ಸಾಕಾಯಿತು ನಮ್ಮ ಅಬ್ಬನಿಗೆ.

"ಕಾರು ಮಾರಿದ ಮಾರನೇ ದಿನ ನಿನಗೆ ಎರಡು ಮೆಷಿನ್ ತರ್ತೀನಿ" ಎಂದು ಅಮ್ಮಿಗೆ ಮಾತು ಕೊಟ್ಟು, ಎರಡು ಮೆಷಿನ್ ಇಡುವುದಕ್ಕೆ ಜಾಗವನ್ನೂ ಗುಡಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ. ಅಮ್ಮಿ ಆ ಮೆಷಿನ್ನಿನಲ್ಲಿ ಬೀದಿಯವರ ರಂಜಾನಿನ ಅಂಗಿ, ಯುಗಾದಿಯ ರವಿಕೆ ಎಲ್ಲ ಹೊಲಿಯುತ್ತಿದ್ದಳು. ಅದರ ಮುಂದೆ ಕೂತಾಗ ಮಾತ್ರ ಹಾಡಿಕೊಳ್ಳುತ್ತಿದ್ದಳು. ಮೆಷಿನ್ ಹೋದ ದಿನವೇ ಹಾಡೂ ಹೋಯಿತು.

ಬಸ್ಸುಗಳೇ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿದ್ದ ಕಾಲ ಅದು. ಪೆಟ್ರೋಲು ಕೂಪನ್ನಿಗೆ ಸಿಕ್ಕರೆ ಸಿಕ್ಕಿತು. ಅಂಥದರಲ್ಲಿ ಅಬ್ಬ ಕಾರು ಮಾರಲು ಹೊರಟಿದ್ದರು, ಪಕ್ಕದ ಸೀಟಿನಲ್ಲಿ ನಾನು. ಮಂಡ್ಯದ ವಕೀಲರೊಬ್ಬರು ಕೂತು ನೋಡಿ, ಹೊಟ್ಟೆ ಸ್ಟೀರಿಂಗಿಗೆ ತಗುಲಿ, ಎದ್ದು ಹೋದರು. ಮಳವಳ್ಳಿಯ ಜವಳಿ ಅಂಗಡಿಯ ನಮ್ಮವರೇ ಒಬ್ಬರು, ಪರದೆಯಿಲ್ಲದ ಗಾಡಿಯಲ್ಲಿ ಹೆಂಗಸರನ್ನು ಹೇಗೆ ಕೂರಿಸಲಿ ಎಂದರು.

ಕೊನೆಗೆ ಹೊಳಲಿನ ಗೌಡರೊಬ್ಬರು ಮಗನ ಮದುವೆಯ ಮೆರವಣಿಗೆಗೆಂದು ಮನಸ್ಸು ಮಾಡಿದರು. ನಾವು ಅವರ ಬಾಗಿಲಿಗೆ ಕಾರು ತಂದು ನಿಲ್ಲಿಸಿದ್ದೇ ತಡ, ಅವರ ತಾಯಿ ಜಗುಲಿಯಿಂದಲೇ ಕೂಗಿದರು.

"ಇದೇನ್ಲಾ ಮಗ, ಬೋಳು ಗಾಡಿ! ಮದ್ವೆ ಮನೆ ಬಾಕ್ಲಿಗೆ ಬೋಳು ತಂದು ನಿಲ್ಸವ್ರಲ್ಲ, ಅತ್ಲಾಗೆ ತಳ್ಳುಸ್ಲಾ!"

ಕುಂಕುಮವಿಲ್ಲದ ಹಣೆಗೂ ಬಳೆಯಿಲ್ಲದ ಕೈಗೂ ಬೋಳು ಅನ್ನುವ ಊರು. ಗೌಡರ ಮುಖ ಚಿಕ್ಕದಾಯಿತು. "ಬೇಜಾರ್ ಮಾಡ್ಕಬ್ಯಾಡಿ ಸಾಬ್ರೆ. ನೆತ್ತಿ ಮುಚ್ಚುಸ್ಕಂಡು ಬನ್ನಿ, ಅವ್ವ ಒಪ್ಕತದೆ" ಎಂದರು.

ನೆತ್ತಿ ಮುಚ್ಚಲು ಬಟ್ಟೆ ಎಲ್ಲಿಂದ ತರುವುದು? ಆಗ ಬಟ್ಟೆಗೂ ರೇಷನ್. ಅಬ್ಬ ಕೇಳಲಿಲ್ಲ, ಅಮ್ಮಿಯೇ ಟ್ರಂಕು ತೆರೆದು ತನ್ನ ಕಪ್ಪು ಬುರ್ಖಾ ತೆಗೆದಳು. ತವರಿನವರು ಕೊಟ್ಟದ್ದು, ಇದ್ದದ್ದು ಅದೊಂದೇ. ಅದರ ಹೊಲಿಗೆ ಬಿಚ್ಚಿ, ಒಳಗೆ ಗೋಣಿತಾಟು ಕೊಟ್ಟು, ಗೋಣಿ ಹೊಲಿಯುವ ದಬ್ಬಣದಿಂದ ಕಂಬಿಗಳಿಗೆ ಹೊಲಿದಳು. ಬೆರಳುಗಳು ಬಾತುಕೊಂಡವು. "ಮೆಷಿನ್ ಇದ್ದಿದ್ದರೆ ಒಂದು ಬೆಳಗಿನ ಕೆಲಸ" ಎಂದಳು. ಅಬ್ಬ ಕೇಳಿಸದವರಂತೆ ಚಕ್ರ ಒರೆಸುತ್ತಿದ್ದರು.

ಮತ್ತೆ ಹೊಳಲು. ಕಾರು ಈಗ ಲಕ್ಷಣವಾಗಿತ್ತು, ಸುಳ್ಳೇಕೆ ಹೇಳಲಿ. ಅಜ್ಜಿ ಈ ಸಲ ಬೀದಿಗೇ ಇಳಿದು ಬಂದರು.

"ಅಯ್ಯೋ ಸಿವ್ನೇ! ಮೊನ್ನೆ ಬೋಳಾಗಿತ್ತು, ಇವತ್ತು ಸನಿ ಬಂದು ನೆತ್ತಿ ಮ್ಯಾಲೆ ಕುಂತವ್ನಲ್ಲಾ! ಕರೀದು ಒದ್ಕಂಡಿರೋ ಗಾಡೀಲಿ ಮದ್ವೆ ಗಂಡನ್ನ ಕೂರ್ಸಾದಾ?"

"ನಮ್ಮ ಮನೆ ಹೆಂಗಸ್ರು ಮಾನಕ್ಕೆ ಹಾಕ್ಕೊಳೋ ಬಟ್ಟೆ ಕಣವ್ವಾ ಇದು" ಎಂದರು ಅಬ್ಬ.

"ಇರ್ಬೌದು ಕಣಪ್ಪ. ನಿಮ್ಮ ಮಾನ ನಿಮ್ಗೆ, ನಮ್ಮ ಸಾಸ್ತ್ರ ನಮ್ಗೆ. ಬಿಸ್ಲಲ್ಲಿ ಬಂದಿದ್ದೀಯ, ಮಜ್ಗೆ ಕುಡ್ದು ಓಗು."

ಆ ಅಜ್ಜಿಯ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಮಜ್ಜಿಗೆ ಮಾತ್ರ ಚೆನ್ನಾಗಿತ್ತು.

ಆಮೇಲೆ ಕಾರು ನಮ್ಮ ಮನೆಯ ಮುಂದೆಯೇ ನಿಂತಿತು. ಕೋಳಿಗಳು ಅದರ ಸೀಟಿನಲ್ಲಿ ಮೊಟ್ಟೆ ಇಟ್ಟವು. ಹೊಲಿಯಲು ಮೆಷಿನ್ ಇಲ್ಲದೆ ಅಮ್ಮಿಯ ಹತ್ತಿರ ಹೆಂಗಸರು ಬರುವುದು ನಿಂತಿತು, ಹಾಕಿಕೊಳ್ಳಲು ಬುರ್ಖಾ ಇಲ್ಲದೆ ಅವಳು ಹೊರಗೆ ಹೋಗುವುದೂ ನಿಂತಿತು. ಯುದ್ಧ ಮುಗಿದ ಮೇಲಾದರೂ ಯಾರಾದರೂ ಬಂದಾರೆಂದು ಕಾದೆವು. ಬಂದವರು ಸೋಮನಹಳ್ಳಿ ಕಡೆಯ ಆಲೆಮನೆಯವರು. ಕಬ್ಬಿನ ಗಾಣ ತಿರುಗಿಸಲು ಆಗುತ್ತದೆಂದು ಇಂಜಿನ್ ಕಿತ್ತುಕೊಂಡು ಹೋದರು, ಬದಲಿಗೆ ಬೆಲ್ಲ ಕೊಟ್ಟರು.

ಅಮ್ಮಿ ಟಾಪನ್ನು ಇಳಿಸಿ, ಹೊಲಿಗೆ ಬಿಚ್ಚಿ, ಮತ್ತೆ ಬುರ್ಖಾ ಮಾಡಿಕೊಂಡಳು. ದಬ್ಬಣದ ತೂತುಗಳು ಹಾಗೇ ಉಳಿದವು. ಅದನ್ನು ಹಾಕಿಕೊಂಡು ಅವಳು ಮೊದಲು ಹೋದದ್ದು ಬ್ಲಫಿಗೆ, ಬಟ್ಲರನ ಮಗಳು ಸೇರಿದ್ದ ಗಂಡನ ಮನೆಗೆ. ನಾನೂ ಹೋಗಿದ್ದೆ. ಮೆಷಿನ್ನಿಗೆ ಕಸೂತಿ ಬಟ್ಟೆ ಹೊದಿಸಿ, ಮೇಲೊಂದು ಹೂದಾನಿ ಇಟ್ಟಿದ್ದರು.

"ನಂಗೆ ಒಲಿಯಕ್ಕೇ ಬರಲ್ಲ ಕಣಮ್ಮ" ಎಂದಳು ಆ ಹುಡುಗಿ, ನಗುತ್ತ. "ಮದ್ವೇಲಿ ಕೇಳುದ್ರು ಅಂತ ಕೊಟ್ರು ಅಷ್ಟೇ."

ಅಮ್ಮಿ ಹೂದಾನಿ ಇಳಿಸಿ ಚಕ್ರ ತಿರುಗಿಸಲು ನೋಡಿದಳು. ತುಕ್ಕು ಹಿಡಿದು ನಿಂತಿತ್ತು. ಎಣ್ಣೆ ಕೇಳಿ ತೆಗೆದುಕೊಂಡು ಹಾಕಿ, ಮೆಲ್ಲಗೆ ಅಲುಗಿಸಿ ಅಲುಗಿಸಿ ತಿರುಗುವ ಹಾಗೆ ಮಾಡಿದಳು. ಆಮೇಲೆ ಬಟ್ಟೆ ಹೊದಿಸಿ, ಹೂದಾನಿಯನ್ನು ಇದ್ದಲ್ಲೇ ಇಟ್ಟಳು.

ಹೊರಗೆ ಬಂದ ಮೇಲೆ ನಾನು ಅತ್ತೆ. "ವಾಪಸ್ಸು ಕೊಡು ಅಂತ ಯಾಕೆ ಕೇಳಲಿಲ್ಲ?"

"ಏನು ಕೊಟ್ಟು ಕೇಳಲಿ?" ಎಂದಳು ಅಮ್ಮಿ. "ಬೆಲ್ಲಾನ?"

ಬೆಲ್ಲವೂ ಅಷ್ಟು ಹೊತ್ತಿಗೆ ಮುಗಿದಿತ್ತು.